ಒಳಗಿನ ಜೆಲ್‌ಗೆ ಹೊರಗೊಂದು ಚೀಟಿ ಬೇಕು

ಪ್ರೊಸ್ಟೇಟ್ ಕ್ಯಾನ್ಸರಿಗೆ ರೇಡಿಯೇಷನ್ ತೆಗೆದುಕೊಳ್ಳಲು ಬೆಳಗಾವಿಗೆ ಹೊರಟಿರುವವರಿಗೂ ಫೈಲು ಹಿಡಿದು ಅವರ ಹಿಂದೆ ಓಡಾಡುವ ಮಕ್ಕಳಿಗೂ ಇದನ್ನು ಬರೆಯುತ್ತಿದ್ದೇನೆ. ನನ್ನ ಚಿಕಿತ್ಸೆ ಮುಗಿದಿದೆ. ಪ್ರೊಸ್ಟೇಟ್ ಗ್ರಂಥಿಗೂ ಗುದನಾಳಕ್ಕೂ ನಡುವೆ ಹಾಕಿದ್ದ ಹೈಡ್ರೋಜೆಲ್, ಅಂದರೆ ನೀರೇ ಹೆಚ್ಚಿರುವ ಮೆತ್ತನೆಯ ಜೆಲ್, ಕರಗಿ ಹೋಗಿದೆ ಎಂಬ ಎಂ.ಆರ್.ಐ. ವರದಿ ಮೊನ್ನೆ ಕೈಗೆ ಬಂತು. ನಮ್ಮ ಕಡೆಯ ಗಂಡಸರು ಈ ಕಾಯಿಲೆಯ ಬಗ್ಗೆ ಬಾಯಿ ಬಿಡುವುದಿಲ್ಲ. ಕೇಳಿದರೆ ‘ಸ್ವಲ್ಪ ಹೊಟ್ಟೆಯ ತೊಂದರೆ’ ಎಂದು ಮಾತು ತಿರುಗಿಸುತ್ತಾರೆ. ನಾನು ಭೂಮಾಪನ ಇಲಾಖೆಯಲ್ಲಿ ಜನರ ಹೊಲ ಅಳೆಯುತ್ತ ನಿವೃತ್ತನಾದವನು. ಕಂಡದ್ದನ್ನು ಕಂಡಂತೆ ಬರೆದಿಡುವುದೇ ನನ್ನ ನೌಕರಿಯಾಗಿತ್ತು. ಇದನ್ನೂ ಹಾಗೆಯೇ ಬರೆಯುತ್ತೇನೆ.

ನನ್ನ ಊರು ಮುಧೋಳ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತಿದ್ದೆ. ವಯಸ್ಸಾಯಿತು, ಸಕ್ಕರೆ ಕಾಯಿಲೆಯೂ ಇದೆ ಎಂದು ಸುಮ್ಮನಿದ್ದೆ. ಸಕ್ಕರೆಯ ತಪಾಸಣೆಗೆ ಹೋದಾಗ ವೈದ್ಯರು ರಕ್ತದಲ್ಲಿ ಪಿ.ಎಸ್.ಎ., ಅಂದರೆ ಪ್ರೊಸ್ಟೇಟಿನಿಂದ ಬರುವ ಒಂದು ಪ್ರೋಟೀನು, ಎಷ್ಟಿದೆ ನೋಡಿಸಿ ಎಂದರು. ನಾಲ್ಕರೊಳಗೆ ಇರಬೇಕಾದದ್ದು ಹನ್ನೊಂದು ದಾಟಿತ್ತು. ಅದೊಂದೇ ಕ್ಯಾನ್ಸರಿಗೆ ಸಾಕ್ಷಿಯಲ್ಲ, ಗ್ರಂಥಿ ದೊಡ್ಡದಾದರೂ ಸೋಂಕಾದರೂ ಏರುತ್ತದೆ ಎಂದು ಧೈರ್ಯ ಹೇಳಿ ಬೆಳಗಾವಿಗೆ ಕಳಿಸಿದರು.

ಬೆಳಗಾವಿಯ ಮೂತ್ರಾಂಗ ತಜ್ಞರು ಬಯಾಪ್ಸಿಗಿಂತ ಮೊದಲು ಎಂ.ಆರ್.ಐ. ಬರೆದುಕೊಟ್ಟರು. ಈ ಕ್ರಮವನ್ನು ನೆನಪಿಡಿ. ಬಯಾಪ್ಸಿಯ ಸೂಜಿ ಚುಚ್ಚಿದ ಮೇಲೆ ಗ್ರಂಥಿಯೊಳಗೆ ರಕ್ತ ನಿಂತು ಚಿತ್ರ ಕಲಸಿಹೋಗುತ್ತದೆ, ಆಮೇಲೆ ಕೆಲವು ವಾರ ಕಾಯಬೇಕಾಗುತ್ತದೆ. ಎಂ.ಆರ್.ಐ.ಗೆ ಕಾಂಟ್ರಾಸ್ಟ್ ಔಷಧಿ ಕೊಡುವುದಿದ್ದರೆ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ವರದಿ ಕೇಳುತ್ತಾರೆ. ಊರಲ್ಲೇ ಮಾಡಿಸಿಕೊಂಡು ಹೋದರೆ ಒಂದು ದಿನ ಉಳಿಯುತ್ತದೆ. ನನಗೆ ಉಳಿಯಲಿಲ್ಲ.

ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ಒಬ್ಬ ಹುಡುಗ ಕಾಗದ ಹಿಡಿದು ನಿಂತಿದ್ದ. ಪೇಸ್‌ಮೇಕರ್ ಇದೆಯೇ, ಕಿವಿಯ ಯಂತ್ರ ಇದೆಯೇ, ಮೈಯಲ್ಲಿ ಲೋಹದ ಪಟ್ಟಿ, ಮೊಳೆ ಇದೆಯೇ ಎಂದು ಕೇಳುತ್ತ ಹೋದ. ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ ಎಂದೆ. “ಅದರ ಕಾರ್ಡ್ ತಂದಿದ್ದೀರಾ ಕಾಕಾ?” ಎಂದ. ಪುಣ್ಯಕ್ಕೆ ಪಾಕೀಟಿನಲ್ಲಿತ್ತು. ಕಂಪನಿಯ ಹೆಸರು, ಅಳತೆ, ಹಾಕಿದ ದಿನಾಂಕ ಎಲ್ಲವನ್ನೂ ಕಾಗದಕ್ಕೆ ಬರೆದುಕೊಂಡ. ನಂತರ ಉಡದಾರ ಬಿಚ್ಚಿಸಿದ. ಕೊನೆಗೆ ಕೊರಳಲ್ಲಿದ್ದ ಕರಡಿಗೆಯ ಸರದಿ ಬಂತು. ದೀಕ್ಷೆಯಾದಂದಿನಿಂದ ಇಷ್ಟಲಿಂಗವನ್ನು ಮೈಯಿಂದ ಬೇರೆ ಮಾಡಿದವನಲ್ಲ ನಾನು. ಬೆಳ್ಳಿಗೆ ಅಯಸ್ಕಾಂತ ಅಂಟುವುದಿಲ್ಲವಲ್ಲ ಎಂದು ವಾದಿಸಿದೆ. “ಬೆಳ್ಳಿ ಅಂಟುವುದಿಲ್ಲ, ಒಳಗಿನ ಸಣ್ಣ ತಿರುಪು ಯಾವುದರದ್ದೋ ಯಾರಿಗೆ ಗೊತ್ತು? ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬನ್ನಿ, ಕರಡಿಗೆ ಕಾಕೂ ಹತ್ತಿರ ಇರಲಿ” ಎಂದ. ಹಾಗೆಯೇ ಮಾಡಿದೆ. ಹೆಂಡತಿ ಬೆಳ್ಳಿಯ ಕರಡಿಗೆಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಅರ್ಧ ತಾಸಿಗೂ ಹೆಚ್ಚು ಹೊತ್ತು ಬೆಂಚಿನ ಮೇಲೆ ಅಲುಗಾಡದೆ ಕೂತಿದ್ದಳು. ಒಳಗೆ ನನಗೂ ಅಲುಗಾಡಬಾರದೆಂಬ ಅಪ್ಪಣೆಯೇ. ಕಿವಿಗೆ ಹತ್ತಿ ತುಂಬಿದರೂ ಯಂತ್ರದ ಬಡಿತ ತಲೆಯೊಳಗೇ ನಡೆದಂತಿತ್ತು. ಕಣ್ಣು ಮುಚ್ಚಿಕೊಂಡೇ ಒಳಗೆ ಹೋಗಿ. ತೆರೆದರೆ ಮೂಗಿನ ಮೇಲೇ ಛಾವಣಿ ಕಂಡು ಎದೆ ಹೊಡೆದುಕೊಳ್ಳುತ್ತದೆ.

ಬಯಾಪ್ಸಿಯಲ್ಲಿ ಗ್ಲೀಸನ್ ಮೂರು ಕೂಡಿಸು ನಾಲ್ಕು, ಒಟ್ಟು ಏಳು ಎಂದು ಬಂತು. ಅಂದರೆ ಮಧ್ಯಮ ದರ್ಜೆ. ಮೂಳೆಗೆ ಹರಡಿರಲಿಲ್ಲ. ಆ ವರದಿಗೆ ಕಾದ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಕಾದವರಿಗೆ ಅದು ಗೊತ್ತಿರುತ್ತದೆ. ಸ್ಟೆಂಟ್ ಇದ್ದ ಕಾರಣ ಶಸ್ತ್ರಚಿಕಿತ್ಸೆಗಿಂತ ಹಾರ್ಮೋನ್ ಚುಚ್ಚುಮದ್ದು ಮತ್ತು ರೇಡಿಯೇಷನ್ ವಾಸಿ ಎಂದು ವೈದ್ಯರು ತೀರ್ಮಾನಿಸಿದರು. ಚುಚ್ಚುಮದ್ದು ಶುರುವಾದ ಮೇಲೆ ಚಳಿಗಾಲದಲ್ಲೂ ಮೈ ಬಿಸಿಯೇರಿ ಬೆವರು ಬರುತ್ತದೆ. ಹೆಂಗಸರಿಗೆ ಮುಟ್ಟು ನಿಲ್ಲುವಾಗ ಹೀಗೆಯೇ ಆಗುತ್ತದೆ ಎಂದು ನನ್ನಾಕೆ ನಕ್ಕಳು.

ಜೆಲ್‌ನ ಮಾತು ಬಂದದ್ದು ರೇಡಿಯೇಷನ್ ವೈದ್ಯರ ಮುಂದೆ. ಪ್ರೊಸ್ಟೇಟಿನ ಬೆನ್ನಿಗೆ ಗುದನಾಳದ ಗೋಡೆ ಹತ್ತಿಕೊಂಡೇ ಇರುತ್ತದೆ, ನಡುವೆ ಒಂದೆರಡು ಮಿಲಿಮೀಟರ್ ಇದ್ದರೆ ಹೆಚ್ಚು. ಗ್ರಂಥಿಗೆ ಬಿಟ್ಟ ಕಿರಣ ಆ ಗೋಡೆಗೂ ತಾಗಿ, ತಿಂಗಳುಗಳ ಮೇಲೆ ರಕ್ತ ಹೋಗುವುದು, ತಡೆಯಲಾಗದ ಆತುರ ಇಂಥವು ಕೆಲವರಿಗೆ ಕಾಣಿಸಿಕೊಳ್ಳುತ್ತವೆ. ಎರಡು ದ್ರವಗಳನ್ನು ಒಂದೇ ಸೂಜಿಯಿಂದ ಆ ಸಂದಿಗೆ ಬಿಟ್ಟರೆ ಹತ್ತಾರು ಸೆಕೆಂಡುಗಳೊಳಗೆ ಗಟ್ಟಿಯಾಗಿ ಮೆತ್ತನೆಯ ಜೆಲ್ ಆಗುತ್ತದೆ, ಎರಡನ್ನೂ ಒಂದು ಸೆಂಟಿಮೀಟರಿನಷ್ಟು ದೂರ ಸರಿಸುತ್ತದೆ ಎಂದರು. ಎರಡು ಹೊಲಗಳ ನಡುವೆ ಬದು ಹಾಕಿದಂತೆ ಎಂದು ನನಗೆ ತಕ್ಷಣ ಅರ್ಥವಾಯಿತು. ಜೆಲ್‌ನ ಹೆಚ್ಚಿನ ಪಾಲು ನೀರು, ಉಳಿದದ್ದು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ವಸ್ತು. ಸುಮಾರು ಮೂರು ತಿಂಗಳು ಹಾಗೆಯೇ ನಿಂತು, ಆರು ತಿಂಗಳ ಹೊತ್ತಿಗೆ ಕರಗಿ ಮೂತ್ರದಲ್ಲಿ ಹೋಗುತ್ತದೆ. ತೆಗೆಯಲು ಮತ್ತೆ ಆಪರೇಷನ್ ಬೇಕಿಲ್ಲ.

ನಾನು ಅಂಕಿ ಕೇಳಿದೆ. ವೈದ್ಯರು ಬೇಸರಿಸದೆ ಹೇಳಿದರು. ಅಮೆರಿಕದಲ್ಲಿ 222 ರೋಗಿಗಳ ಮೇಲೆ ಪರೀಕ್ಷೆ ನಡೆದು 2015ರಲ್ಲಿ ಫಲಿತಾಂಶ ಪ್ರಕಟವಾಗಿದೆ. ಸಂದಿಯ ಸರಾಸರಿ 1.6 ಮಿಲಿಮೀಟರಿನಿಂದ 12.6ಕ್ಕೆ ಏರಿತ್ತು. ಹದಿನೈದು ತಿಂಗಳೊಳಗೆ ಗುದನಾಳದ ತಡವಾದ ತೊಂದರೆ ಕಂಡದ್ದು ಜೆಲ್ ಹಾಕದವರಲ್ಲಿ ನೂರಕ್ಕೆ ಏಳು ಮಂದಿಗೆ, ಹಾಕಿದವರಲ್ಲಿ ನೂರಕ್ಕೆ ಇಬ್ಬರಿಗೆ. ಅಂದರೆ ಜೆಲ್ ಇಲ್ಲದೆಯೂ ಬಹಳ ಜನ ಪಾರಾಗುತ್ತಾರೆ. ಇದನ್ನು ಅವರೇ ಬಾಯಿಬಿಟ್ಟು ಹೇಳಿದ್ದಕ್ಕೆ ನನಗೆ ಅವರ ಮೇಲೆ ನಂಬಿಕೆ ಬಂತು. ಅಪಾಯವನ್ನೂ ಮುಚ್ಚಿಡಲಿಲ್ಲ. ಜೆಲ್ ಗುದನಾಳದ ಗೋಡೆಯೊಳಗೇ ಹೊಕ್ಕು ಹುಣ್ಣಾಗುವುದು ಅಪರೂಪ, ಆದರೆ ಆಗುತ್ತದೆ. ಗೆಡ್ಡೆ ಗ್ರಂಥಿಯ ಹಿಂಬದಿಯನ್ನು ಒಡೆದು ಹೊರಟಿದ್ದರೆ ಜೆಲ್ ಹಾಕುವುದಿಲ್ಲ, ಅದು ಮೊದಲ ಎಂ.ಆರ್.ಐ.ಯಲ್ಲಿ ಗೊತ್ತಾಗುತ್ತದೆ. ನನ್ನದು ಒಡೆದಿರಲಿಲ್ಲ.

ಖರ್ಚಿನ ವಿಷಯ. ನಮ್ಮದು ಎ.ಪಿ.ಎಲ್. ಕುಟುಂಬ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಪ್ಯಾಕೇಜ್ ದರದ ಶೇಕಡಾ 30ರಷ್ಟು ಸರ್ಕಾರ ಕೊಡುತ್ತದೆ, ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಪತ್ರಕ್ಕಾಗಿ ಬಾಗಲಕೋಟೆಯ ನವನಗರಕ್ಕೆ ಹೋಗಿ ಬಂದೆ. ಆಧಾರ್, ರೇಷನ್ ಕಾರ್ಡ್, ಬಯಾಪ್ಸಿ ವರದಿ ಮೂರರ ಮೂಲ ಪ್ರತಿಯನ್ನೂ ಒಯ್ಯಿರಿ. ನನ್ನ ಹೆಸರು ಆಧಾರಿನಲ್ಲಿ ಒಂದು ರೀತಿ, ರೇಷನ್ ಕಾರ್ಡಿನಲ್ಲಿ ಇನ್ನೊಂದು ರೀತಿ ಇದ್ದು ಅದಕ್ಕೆ ಬೇರೆ ಅಲೆದಾಟವಾಯಿತು. ರೇಡಿಯೇಷನ್ ಲೆಕ್ಕಕ್ಕೆ ಸೇರಿತು. ಜೆಲ್ ಸೇರುವುದಿಲ್ಲ, ಪೂರ್ತಿ ಕೈಯಿಂದಲೇ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ಹೇಳಿದರು. ಲಕ್ಷದ ಮೇಲೆ ಹೋಯಿತು. ಮೊದಲು ಬಾಯಲ್ಲಿ ಹೇಳಿದ ಮೊತ್ತದಲ್ಲಿ ಅರಿವಳಿಕೆಯ ಶುಲ್ಕವಾಗಲಿ, ಆಮೇಲಿನ ಎಂ.ಆರ್.ಐ. ಆಗಲಿ ಇರಲಿಲ್ಲ. ಎಲ್ಲ ಸೇರಿಸಿದ ಅಂದಾಜನ್ನು ಬರೆಸಿಕೊಂಡ ಮೇಲೆಯೇ ಮುಂಗಡ ಕಟ್ಟಿ. ಸಾಲ ಮಾಡಿ ಹಾಕಿಸಲೇಬೇಕೇ ಎಂದು ಕೇಳಿದರೆ, ಬೇಡ ಎನ್ನುತ್ತೇನೆ. ನನ್ನ ಹತ್ತಿರ ನಿವೃತ್ತಿಯ ಹಣವಿತ್ತು, ಸ್ಟೆಂಟಿನಿಂದಾಗಿ ರಕ್ತ ತೆಳುವಾಗಿಸುವ ಮಾತ್ರೆ ಜೀವನಪೂರ್ತಿ ನುಂಗಬೇಕಿತ್ತು. ರಕ್ತ ಹೋಗುವ ತೊಂದರೆ ನನ್ನಂಥವನಿಗೆ ಬಂದರೆ ನಿಲ್ಲಿಸುವುದು ಕಷ್ಟ ಎಂದದ್ದೇ ನನ್ನನ್ನು ಒಪ್ಪಿಸಿತು.

ಆ ಮಾತ್ರೆಗಳನ್ನು ಜೆಲ್ ಹಾಕುವ ಮೊದಲು ಎಷ್ಟು ದಿನ ನಿಲ್ಲಿಸಬೇಕೆಂದು ಹೃದಯದ ವೈದ್ಯರಿಂದಲೇ ಬರೆಸಿಕೊಳ್ಳಬೇಕು, ನಮ್ಮ ಬುದ್ಧಿಯಿಂದ ಬಿಡಬಾರದು. ಹಿಂದಿನ ರಾತ್ರಿ ಹೊಟ್ಟೆ ತೊಳೆಯಲು ಔಷಧಿ, ಬೆಳಿಗ್ಗೆ ಎನಿಮಾ. ಬೆನ್ನಿಗೆ ಅರಿವಳಿಕೆ ಕೊಟ್ಟು, ಗುದದ್ವಾರದಿಂದ ಅಲ್ಟ್ರಾಸೌಂಡ್ ಕಡ್ಡಿ ಇಟ್ಟು, ವೃಷಣದ ಹಿಂದಿನ ಚರ್ಮದಿಂದ ಸೂಜಿ ಹಾಕಿದರು. ಮೊದಲು ಉಪ್ಪುನೀರು ಬಿಟ್ಟು ಸಂದಿ ಅಗಲಿಸಿಕೊಂಡು, ಆಮೇಲೆ ಜೆಲ್, ಒಟ್ಟು 10 ಮಿಲಿಲೀಟರ್. ಅದೇ ಹೊತ್ತಿಗೆ ಗ್ರಂಥಿಯೊಳಗೆ ಮೂರು ಬಂಗಾರದ ಕಾಳುಗಳನ್ನೂ ಕೂಡಿಸಿದರು, ದಿನವೂ ಕಿರಣದ ಗುರಿ ಹಿಡಿಯಲು. ಅಕ್ಕಿಯ ನುಚ್ಚಿಗಿಂತ ದೊಡ್ಡದಲ್ಲ. ‘ನನ್ನ ಕೊರಳಿಗೆ ಕೇಳಿದಾಗ ಬಂಗಾರದ ರೇಟು ಹೆಚ್ಚು ಅನ್ನುತ್ತಿದ್ದಿರಿ’ ಎಂದು ಹೆಂಡತಿ ವಾರ್ಡಿನಲ್ಲಿ ಎಲ್ಲರೂ ಕೇಳುವಂತೆ ಅಂದಳು. ಮರುದಿನವೇ ಮನೆಗೆ ಕಳಿಸಿದರು. ಕೆಲವು ದಿನ ಮಲ ಬಂದು ನಿಂತಂತೆ ಅನಿಸುತ್ತದೆ, ಹೋದರೆ ಏನೂ ಇರುವುದಿಲ್ಲ. ನೇಸರಗಿ, ಯರಗಟ್ಟಿ, ಲೋಕಾಪುರ ದಾಟಿ ಮುಧೋಳ ಮುಟ್ಟುವವರೆಗೆ ಬಸ್ಸಿನಲ್ಲಿ ಒಂದು ಪಕ್ಕಕ್ಕೇ ಕೂತಿದ್ದೆ. ಮೆತ್ತನೆಯ ದಿಂಬೊಂದು ಜೊತೆಗಿರಲಿ.

ಡಿಸ್ಚಾರ್ಜ್ ಕಾಗದದಲ್ಲಿ ಈ ಇಡೀ ಕೆಲಸಕ್ಕೆ ‘ಸ್ಪೇಸರ್’ (ನಡುವೆ ಅಂತರ ಇಡುವ ವಸ್ತು) ಎಂಬ ಒಂದೇ ಶಬ್ದ ಬರೆದಿದ್ದರು. ಏನು ವಸ್ತು, ಎಷ್ಟು, ಎಲ್ಲಿ ಎಂದು ಇರಲಿಲ್ಲ. ಸ್ಟೆಂಟಿಗೆ ಕಾರ್ಡ್ ಕೊಟ್ಟ ಹಾಗೆ ಇದಕ್ಕೆ ಯಾರೂ ಕೊಡಲಿಲ್ಲ. ಕೇಳಬೇಕೆಂದು ಆಗ ಹೊಳೆಯಲೂ ಇಲ್ಲ.

ಒಂದು ವಾರದ ಮೇಲೆ ಮತ್ತೆ ಎಂ.ಆರ್.ಐ. ಅಲ್ಟ್ರಾಸೌಂಡಿನಲ್ಲಿ ನೋಡಿಯೇ ಹಾಕಿದಿರಲ್ಲ, ಸಿ.ಟಿ.ಯೂ ಆಗುವುದಿದೆಯಲ್ಲ, ಇದೇಕೆ ಎಂದು ಕೇಳಿದೆ. ಎರಡೂ ಆದ ಮೇಲೆ ರೇಡಿಯಾಲಜಿ ವೈದ್ಯರು, ನನ್ನ ಮಗನ ವಯಸ್ಸಿನವರು, ಕುರ್ಚಿ ಎಳೆದು ಕೂರಿಸಿ ಪರದೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಸಿ.ಟಿ.ಯಲ್ಲಿ ಪ್ರೊಸ್ಟೇಟ್, ಜೆಲ್, ಗುದನಾಳದ ಗೋಡೆ ಎಲ್ಲವೂ ಒಂದೇ ಬೂದು, ಎಲ್ಲಿ ಯಾವುದು ಮುಗಿಯಿತೆಂದು ನನಗಂತೂ ಹೇಳಲಾಗಲಿಲ್ಲ. ಎಕ್ಸ್‌ರೇ ಕಿರಣಕ್ಕೆ ಜೆಲ್ ಎಂದರೆ ಹೆಚ್ಚುಕಡಿಮೆ ನೀರೇ. ಎಂ.ಆರ್.ಐ.ಯಲ್ಲಿ ಟಿ2 ಎಂಬ ಬಗೆಯ ಚಿತ್ರವಿದೆ, ಅದರಲ್ಲಿ ನೀರು ತುಂಬಿದ್ದೆಲ್ಲ ಬೆಳ್ಳಗೆ ಹೊಳೆಯುತ್ತದೆ. ಮೇಲೆ ಮೂತ್ರಕೋಶ ಬಿಳಿ, ಅದರ ಕೆಳಗೆ ಗ್ರಂಥಿ ಬೂದು, ಅದರ ಬೆನ್ನಿಗೆ ಮತ್ತೆ ಅಚ್ಚ ಬಿಳಿಯ ಒಂದು ಪಟ್ಟಿ, ಆಮೇಲೆ ಗುದನಾಳದ ಕಪ್ಪು ಗೆರೆ. ಬಂಗಾರದ ಕಾಳುಗಳಿದ್ದ ಕಡೆ ಮೂರು ಕರಿ ಚುಕ್ಕೆ. ಅವರು ಮೌಸ್ ಎಳೆದು ಅಳೆಯುತ್ತ ಹೋದರು. ನಡುಭಾಗದಲ್ಲಿ 12 ಮಿಲಿಮೀಟರ್, ಮೇಲೆ 10, ಕೆಳತುದಿಯಲ್ಲಿ 6. ಕೆಳಗೆ ಏಕೆ ಕಡಿಮೆ ಎಂದೆ. ಅಲ್ಲಿ ಅಂಗಾಂಶ ಬಿಗಿಯಾಗಿ ಹತ್ತಿಕೊಂಡಿರುತ್ತದೆ, ಜೆಲ್ ಇಳಿಯುವುದು ಕಷ್ಟ ಎಂದರು. ಎಡಬಲ ಸಮವಾಗಿದೆಯೇ, ಗೋಡೆಯೊಳಗೆ ಎಲ್ಲಾದರೂ ಬಿಳಿ ಹೊಕ್ಕಿದೆಯೇ ಎಂಬುದನ್ನು ಮುಖ್ಯವಾಗಿ ನೋಡುತ್ತಾರಂತೆ. ಅಳತೆಯ ಕೆಲಸ ಮಾಡಿದವನಿಗೆ ಅಷ್ಟು ದಿನಗಳಲ್ಲಿ ಮನಸ್ಸು ಹಗುರಾದದ್ದು ಆ ಕುರ್ಚಿಯ ಮೇಲೆಯೇ.

ಈ ಎಂ.ಆರ್.ಐ. ಚಿತ್ರವನ್ನು ರೇಡಿಯೇಷನ್ನಿನ ಯೋಜನೆಗೆಂದು ತೆಗೆದ ಸಿ.ಟಿ.ಯ ಮೇಲೆ ಕೂಡಿಸಿ ಕಿರಣದ ನಕ್ಷೆ ತಯಾರಿಸುತ್ತಾರೆ. ಅಯೋಡಿನ್ ಸೇರಿಸಿದ ಜೆಲ್ ಕೂಡ ಇದೆ, ಅದು ಸಿ.ಟಿ.ಯಲ್ಲಿಯೂ ಬೆಳ್ಳಗೆ ಕಾಣುತ್ತದೆ. ಪೇಸ್‌ಮೇಕರಿನಿಂದಾಗಿ ಎಂ.ಆರ್.ಐ. ಆಗದವರು ಅದರ ಬಗ್ಗೆ ವಿಚಾರಿಸಬಹುದು. ನನ್ನದು ಸಾದಾ ಜೆಲ್. ಕಣ್ಣಿಗೆ ಹಾಕುವ ಮೆತ್ತನೆಯ ಲೆನ್ಸ್ ಕೂಡ ಹೈಡ್ರೋಜೆಲ್ಲೇ ಎಂದು ಅವರು ಹೇಳಿದ್ದರಿಂದ ಖೋಲಿಗೆ ಬಂದು ಮೊಬೈಲಿನಲ್ಲಿ ಓದಿದೆ. ಆ ಲೆನ್ಸನ್ನು 1961ರಲ್ಲಿ ಒಟ್ಟೊ ವಿಖ್ಟರ್ಲೆ ಎಂಬ ಚೆಕ್ ವಿಜ್ಞಾನಿ ಮನೆಯಲ್ಲೇ, ಮಕ್ಕಳ ಆಟಿಕೆಯ ಬಿಡಿಭಾಗ ಜೋಡಿಸಿ ಮಾಡಿದ ಯಂತ್ರದಲ್ಲಿ ತಯಾರಿಸಿದನಂತೆ. ನಿದ್ದೆ ಬರದ ರಾತ್ರಿಗಳಲ್ಲಿ ಇಂಥದ್ದು ಓದಿದರೆ ರೋಗ ಸ್ವಲ್ಪ ಮರೆಯುತ್ತದೆ.

ರೇಡಿಯೇಷನ್ ವಾರಕ್ಕೆ ಐದು ದಿನದಂತೆ ನಾಲ್ಕು ವಾರ. ನನ್ನ ದುರದೃಷ್ಟಕ್ಕೆ ಅದು ಡಿಸೆಂಬರ್. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಾಗ ಬೆಳಗಾವಿಯಲ್ಲಿ ಲಾಡ್ಜ್ ಸಿಗುವುದಿಲ್ಲ, ಸಿಕ್ಕರೆ ಬಾಡಿಗೆ ಕೇಳುವಂತಿರುವುದಿಲ್ಲ. ಚಳಿಗಾಲದಲ್ಲಿ ಚಿಕಿತ್ಸೆ ಬೀಳುವವರು ಒಂದು ತಿಂಗಳು ಮೊದಲೇ ಆಸ್ಪತ್ರೆಯ ಹತ್ತಿರ ಖೋಲಿ ಹಿಡಿಯಿರಿ. ದಿನಾ ಓಡಾಡುತ್ತೇನೆ ಎನ್ನಬೇಡಿ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳ ಹಿಂದೆ ಬಸ್ಸು ತೆವಳುತ್ತದೆ, ನಿಮ್ಮ ಮೂತ್ರಕೋಶ ಕಾಯುವುದಿಲ್ಲ. ದಿನವೂ ಗುದನಾಳ ಖಾಲಿ, ಮೂತ್ರಕೋಶ ತುಂಬಿ ಇರಬೇಕು, ಪ್ರತಿದಿನ ಒಂದೇ ಪ್ರಮಾಣ. ಹೇಳಿದಷ್ಟು ನೀರು ಕುಡಿದು ಕೂತರೆ, ಮುಂದಿನವರದು ತಡವಾಗುತ್ತದೆ, ಇಲ್ಲವೆ ಯಂತ್ರ ಕೆಡುತ್ತದೆ. ಸಾಲಾಗಿ ಕೂತ ಮುದುಕರೆಲ್ಲ ಕಾಲ ಮೇಲೆ ಕಾಲು ಹಾಕಿಕೊಂಡು ಗೋಡೆ ನೋಡುತ್ತಿರುತ್ತೇವೆ. ವಾಯು ಆಗುವಂಥದ್ದು ತಿನ್ನಬೇಡಿ ಎಂದಿದ್ದರು. ಖಾನಾವಳಿಯಲ್ಲಿ ಮಡಿಕೆಕಾಳು, ಝುಣಕ ಬಿಟ್ಟರೆ ಏನು ಉಳಿಯಿತು? ಮೊಸರು, ರೊಟ್ಟಿ, ಒಂದಿಷ್ಟು ಹೀರೇಕಾಯಿ ಪಲ್ಯ. ಬಡಿಸುವ ತಾಯಿ ಎರಡನೇ ವಾರದಿಂದ ಕೇಳದೆಯೇ ಕಾಳಿನ ಪಾತ್ರೆ ದಾಟಿಸತೊಡಗಿದಳು.

ಇದರ ನಡುವೆ ಒಂದು ಶನಿವಾರ ಊರಿಗೆ ಬಂದಾಗ ಚಳಿಜ್ವರ ಹಿಡಿಯಿತು. ಮೂತ್ರ ಉರಿ, ಕೆಳಹೊಟ್ಟೆ ನೋವು. ಮಗ ಗಾಬರಿಯಾಗಿ ಹತ್ತಿರದ ಪಟ್ಟಣದ ಒಂದು ಆಸ್ಪತ್ರೆಗೆ ಒಯ್ದ. ಅಲ್ಲಿ ಸಿ.ಟಿ. ಮಾಡಿದರು. ಸ್ಕ್ಯಾನ್ ಚೀಟಿಯಲ್ಲಿ ಜ್ವರ, ಹೊಟ್ಟೆನೋವು ಎಂದಷ್ಟೇ ಬರೆದಿತ್ತು. ವರದಿ ಬಂತು: ಪ್ರೊಸ್ಟೇಟಿನ ಹಿಂದೆ ದ್ರವ ಸೇರಿದೆ, ಕೀವುಗಟ್ಟಿರುವ ಸಂಭವ. ರಾತ್ರಿಯೇ ಸೂಜಿ ಹಾಕಿ ಕೀವು ತೆಗೆಯೋಣ, ತಡ ಮಾಡಿದರೆ ರಕ್ತಕ್ಕೆ ಏರುತ್ತದೆ ಎಂದು ಕರ್ತವ್ಯದಲ್ಲಿದ್ದ ವೈದ್ಯರು ಒಪ್ಪಿಗೆಯ ಕಾಗದ ಮುಂದಿಟ್ಟರು. ಅದು ಕೀವಲ್ಲ, ಜೆಲ್ ಎಂದೆ. ಜ್ವರದಲ್ಲಿ ನಡುಗುವ ಮುದುಕನ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಡಿಸ್ಚಾರ್ಜ್ ಕಾಗದ ತೋರಿಸಿದರೆ ಅದರಲ್ಲಿ ‘ಸ್ಪೇಸರ್’ ಎಂಬ ಆ ಒಂದು ಶಬ್ದ. ಇಂಥ ರೋಗಿಯನ್ನು ಅವರು ಅದಕ್ಕೆ ಮೊದಲು ನೋಡಿರಲಿಲ್ಲ, ಅವರ ಕಣ್ಣಿಗೆ ಕಂಡದ್ದು ಜ್ವರ ಮತ್ತು ದ್ರವ. ಎಂ.ಆರ್.ಐ. ಸಿ.ಡಿ. ಚೀಲದಲ್ಲೇ ಇತ್ತು. ಅಲ್ಲಿದ್ದ ಯಾವ ಕಂಪ್ಯೂಟರಿಗೂ ಸಿ.ಡಿ. ಹಾಕುವ ಜಾಗವೇ ಇರಲಿಲ್ಲ.

ಮಗ ಬೆಳಗಾವಿಗೆ ಫೋನ್ ಹಚ್ಚಿದ. ರೇಡಿಯೇಷನ್ ವೈದ್ಯರು ಮೂರನೆಯ ಸಲಕ್ಕೆ ಎತ್ತಿದರು. “ಯಾರೂ ಚುಚ್ಚಬಾರದು, ಫೋನ್ ಅವರಿಗೆ ಕೊಡಿ” ಎಂದರು. ಎಂ.ಆರ್.ಐ. ಚಿತ್ರಗಳನ್ನು ಮೊಬೈಲಿಗೆ ಕಳಿಸಿ ಎರಡೂ ಕಡೆಯ ವೈದ್ಯರು ಮಾತಾಡಿಕೊಂಡರು. ಸಿ.ಟಿ.ಯಲ್ಲಿ ಕಂಡ ದ್ರವದ ಆಕಾರವೂ ಜಾಗವೂ ಎಂ.ಆರ್.ಐ.ಯ ಬಿಳಿ ಪಟ್ಟಿಗೆ ಸರಿಯಾಗಿ ಹೊಂದಿದವು, ಸುತ್ತ ಕೀವಿನ ಲಕ್ಷಣವಿರಲಿಲ್ಲ. ಮೂತ್ರದ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ಆಂಟಿಬಯಾಟಿಕ್ ಕೊಟ್ಟರು, ಜ್ವರ ಇಳಿಯಿತು, ರೇಡಿಯೇಷನ್ ಕೆಲವು ದಿನ ಮುಂದಕ್ಕೆ ಹೋಯಿತು. ಚುಚ್ಚಿದ್ದರೆ ಶುದ್ಧವಾಗಿದ್ದ ಜೆಲ್‌ಗೇ ಸೋಂಕು ಹತ್ತುವ ಅಪಾಯವಿತ್ತು ಎಂದು ಬೆಳಗಾವಿಯ ವೈದ್ಯರು ಆಮೇಲೆ ಹೇಳಿದರು. ಮೈಯೊಳಗಿನ ಜೆಲ್‌ಗಳನ್ನು ಸ್ಕ್ಯಾನಿನಲ್ಲಿ ಗೆಡ್ಡೆ ಎಂದೋ ಕೀವು ಎಂದೋ ತಿಳಿಯುವುದು ಹೊಸದಲ್ಲವಂತೆ. ರೆಟಿನಾ ಆಪರೇಷನ್ನಿನಲ್ಲಿ ಹಿಂದೆ ಬಳಸುತ್ತಿದ್ದ ಒಂದು ಬಗೆಯ ಹೈಡ್ರೋಜೆಲ್ ವರ್ಷಗಳ ನಂತರ ಉಬ್ಬಿ, ಕಣ್ಣಿನ ಗೂಡಿನ ಗೆಡ್ಡೆಯಂತೆ ಕಂಡದ್ದಿದೆ.

ಆ ಸೋಮವಾರ ನಾನು ಹಟ ಹಿಡಿದು ಕೂತೆ. ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುವವರೆಗೆ ಏಳಲಿಲ್ಲ. ನೀವು ಜೆಲ್ ಹಾಕಿಸಿದ ದಿನವೇ ಇದನ್ನು ಕೇಳಿ: ಜೆಲ್‌ನ ಹೆಸರು ಮತ್ತು ಬ್ಯಾಚ್ ಸಂಖ್ಯೆ (ಡಬ್ಬಿಯ ಮೇಲಿನ ಸ್ಟಿಕರ್ ಅಂಟಿಸಿಕೊಟ್ಟರೆ ಇನ್ನೂ ಒಳ್ಳೆಯದು), ಹಾಕಿದ ದಿನಾಂಕ, ಪ್ರಮಾಣ, ಜಾಗ, ಅಯೋಡಿನ್ ಇದೆಯೋ ಇಲ್ಲವೋ, ಸಿ.ಟಿ.ಯಲ್ಲಿ ದ್ರವದಂತೆ ಕಾಣುತ್ತದೆ ಎಂಬ ಒಂದು ಸಾಲು, ಯಾವಾಗ ಕರಗಬಹುದು, ಯಾರಿಗೆ ಫೋನ್ ಮಾಡಬೇಕು. ಎಂ.ಆರ್.ಐ. ಚಿತ್ರಗಳನ್ನು ಡೈಕಾಮ್ ರೂಪದಲ್ಲಿ, ಅಂದರೆ ಸ್ಕ್ಯಾನ್ ಯಂತ್ರದ ಮೂಲ ಫೈಲುಗಳಾಗಿ, ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಫಿಲ್ಮಿನ ಫೋಟೋ ತೆಗೆದು ಕಳಿಸಿದರೆ ಅಳತೆ ಹಿಡಿಯಲಾಗುವುದಿಲ್ಲ. ಯಾವ ಕಾರಣಕ್ಕೆ ಯಾವ ಊರಿನಲ್ಲಿ ಸ್ಕ್ಯಾನ್ ಆದರೂ, ವೈದ್ಯರು ಬರೆಯುವ ಸ್ಕ್ಯಾನ್ ಚೀಟಿಯಲ್ಲಿ ಜೆಲ್‌ನ ಉಲ್ಲೇಖ ಬರುವಂತೆ ನೋಡಿಕೊಳ್ಳಿ. ವರದಿ ಬರೆಯುವವರು ನಿಮ್ಮ ಮುಖ ನೋಡಿರುವುದಿಲ್ಲ, ಆ ಚೀಟಿಯನ್ನಷ್ಟೇ ನೋಡಿರುತ್ತಾರೆ. ಮನೆಯಲ್ಲಿ ಇನ್ನೊಬ್ಬರ ಮೊಬೈಲಿನಲ್ಲೂ ಈ ಕಾಗದದ ಚಿತ್ರ ಇರಲಿ.

ಉಳಿದ ರೇಡಿಯೇಷನ್ ಗದ್ದಲವಿಲ್ಲದೆ ಮುಗಿಯಿತು. ಮೂತ್ರದ ಉರಿ ಮಾತ್ರ ರೇಡಿಯೇಷನ್ ಮುಗಿದ ಮೇಲೂ ಕೆಲವು ವಾರ ಇತ್ತು. ಗುದನಾಳದ ತೊಂದರೆ ಇದುವರೆಗೆ ಇಲ್ಲ, ಅದು ಜೆಲ್‌ನಿಂದಲೋ, ಇಲ್ಲದಿದ್ದರೂ ಹೀಗೆಯೇ ಇರುತ್ತಿತ್ತೋ, ಒಬ್ಬ ರೋಗಿಯ ಮೇಲಿಂದ ಹೇಳಲು ಬರುವುದಿಲ್ಲ. ಮಳೆಗಾಲ ಶುರುವಾದ ಮೇಲೆ ಕೊನೆಯ ಎಂ.ಆರ್.ಐ. ಮಾಡಿಸಿದೆ. ಎಲ್ಲರಿಗೂ ಇದು ಬೇಕಿಲ್ಲ, ಜೆಲ್ ತಾನಾಗಿಯೇ ಹೋಗುತ್ತದೆ ಎಂದು ವೈದ್ಯರು ಹೇಳಿದ್ದರು. ಆ ಶನಿವಾರದ ರಾತ್ರಿ ಕಂಡವನಾದ್ದರಿಂದ ‘ಈಗ ಒಳಗೆ ಏನೂ ಇಲ್ಲ’ ಎಂಬುದೂ ಬರಹದಲ್ಲಿ ಬೇಕೆಂದು ಎಂಟು ಸಾವಿರದ ಆಸುಪಾಸು ಖರ್ಚು ಮಾಡಿದೆ. ಬಿಳಿ ಪಟ್ಟಿ ಇದ್ದ ಕಡೆ ಈಗ ತೆಳ್ಳಗಿನ ಕೊಬ್ಬಿನ ಗೆರೆ, ಗ್ರಂಥಿಯೂ ಗುದನಾಳವೂ ಮೊದಲಿನಂತೆ ಹತ್ತಿಕೊಂಡಿವೆ. ಕರಿ ಚುಕ್ಕೆಗಳು ಮಾತ್ರ ಇದ್ದವು, ಬಂಗಾರ ಕರಗುವುದಿಲ್ಲ. ಅವುಗಳ ವಿವರವನ್ನೂ ಅದೇ ಕಾಗದಕ್ಕೆ ಸೇರಿಸಿ ಸಹಿ ಹಾಕಿಸಿಕೊಂಡೆ. ಇನ್ನು ಮೂರು ತಿಂಗಳಿಗೊಮ್ಮೆ ಪಿ.ಎಸ್.ಎ. ಪರೀಕ್ಷೆ, ಅದಕ್ಕೆ ರಕ್ತ ಊರಲ್ಲೇ ಕೊಡಬಹುದು. ಅದು ಏರದಿದ್ದರೆ ಎಂ.ಆರ್.ಐ. ಬೇಕಾಗುವುದಿಲ್ಲ ಎಂದಿದ್ದಾರೆ.